ಎಲುಬಿನ ಡಾಕ್ಟರಿಗೆ ಇನ್ನೂ ಯಾಕೆ ಓದು?

ನಿಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ ಹಿರಿಯರು ಯಾರಾದರೂ ಇದ್ದಾರೆಯೇ? ಇದ್ದೇ ಇರುತ್ತಾರೆ. ನಮ್ಮ ಬಾಲ್ಯದಲ್ಲಿ ಹೀಗೆ ಕುರ್ಚಿ ಹಾಕಿಕೊಳ್ಳುವವರು ಊರಿಗೆ ಒಬ್ಬರೋ ಇಬ್ಬರೋ. ಈಗ ಪ್ರತಿ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಕುರ್ಚಿ ಅದಕ್ಕೆಂದೇ ಮೀಸಲು. ಅದರಲ್ಲಿ ಕುಳಿತುಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಮೊಣಕಾಲು ಸವೆತ ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚಾಗಿ ಕಾಡುತ್ತದೆ ಎಂಬುದು ವೈದ್ಯರೆಲ್ಲರೂ ಒಪ್ಪುವ ಮಾತು.

ನಮ್ಮ ಉಮ್ಮನಿಗೆ ಎರಡೂ ಮೊಣಕಾಲಿನ ಕೀಲು ಬದಲಿಸಿದ್ದಾರೆ. ಶಸ್ತ್ರಕ್ರಿಯೆಗೆ ಮುಂಚೆ ಉಮ್ಮ ಡಾಕ್ಟರರಲ್ಲಿ ಖರ್ಚು ಕೇಳಲಿಲ್ಲ, ನೋವು ಎಷ್ಟಾಗುತ್ತದೆ ಎಂದೂ ಕೇಳಲಿಲ್ಲ. "ಆಮೇಲೆ ಸುಜೂದ್ ಮಾಡಬಹುದಾ?" ಎಂದು ಮಾತ್ರ ಕೇಳಿದರು. ಡಾಕ್ಟರು ಸಜ್ಜನರು, ಸುಳ್ಳು ಭರವಸೆ ಕೊಡಲಿಲ್ಲ. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಮದುವೆಗೆ ಹೋಗಬಹುದು, ನೆಲದ ಮೇಲೆ ಮಾತ್ರ ಕೂರಬೇಡಿ ಎಂದರು. ಈ ಕೀಲು ಅಷ್ಟು ಮಡಚಲು ತಯಾರಾದದ್ದಲ್ಲ ಎಂಬ ಕಾರಣವನ್ನೂ ಹೇಳಿದರು. ಪಕ್ಕದಲ್ಲಿ ನಿಂತಿದ್ದವಳು ನನ್ನ ಅಕ್ಕನ ಮಗಳು, ಆಗ ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದಳು. ಹೊರಗೆ ಬಂದು ಅವಳು ಕೇಳಿದ್ದು, "ಹಾಗಾದರೆ ಯಾರಿಗಾಗಿ ತಯಾರಾದದ್ದು?"

ಉಡಾಫೆಯ ಪ್ರಶ್ನೆ ಎಂದುಕೊಳ್ಳಬೇಡಿ. ಅದಕ್ಕೆ ಲೆಕ್ಕದ ಉತ್ತರವಿದೆ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತಿ ಇಳಿಯುವಾಗ ಮೊಣಕಾಲು 90ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ಮಡಚಿದರೆ ಸಾಕು. ಕೀಲು ಬದಲಿಸಿದ ಮೇಲೆ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಸಿಗುತ್ತದೆ. ಕುರ್ಚಿ ಮೇಜಿನ ಸಂಸಾರಕ್ಕೆ ಅದು ಧಾರಾಳ. ಆದರೆ ಕುಕ್ಕರುಗಾಲಲ್ಲಿ ಕೂರುವ, ಚಕ್ಕಳಮಕ್ಕಳ ಹಾಕುವ, ಮೊಣಕಾಲೂರುವ ಜನರ ಕಥೆ ಬೇರೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2001ರಲ್ಲಿ ಏಷ್ಯಾ ಮತ್ತು ಮಧ್ಯಪ್ರಾಚ್ಯದ ದಿನನಿತ್ಯದ ಚಲನೆಗಳ ಬಗ್ಗೆ ಬರೆದಾಗ, ಇಂಥ ಜೀವನಕ್ಕೆ ಮೊಣಕಾಲು 111ರಿಂದ 165 ಡಿಗ್ರಿವರೆಗೆ ಮಡಚಬೇಕಾಗುತ್ತದೆ ಎಂದು ತೋರಿಸಿದರು. ಅದೇ ವಿಶ್ವವಿದ್ಯಾನಿಲಯದವರೂ ಭಾರತೀಯರೂ ಕೂಡಿ ಭಾರತದಲ್ಲೇ ಆರೋಗ್ಯವಂತರನ್ನು ಕೂರಿಸಿ, ಏಳಿಸಿ, ಅಳೆದು 2006ರಲ್ಲಿ ಪ್ರಕಟಿಸಿದರು. ಕುಕ್ಕರುಗಾಲಲ್ಲಿ ನಮ್ಮವರ ಮೊಣಕಾಲು 150 ಡಿಗ್ರಿ ದಾಟುತ್ತದೆ ಎಂಬುದಕ್ಕೆ ಅಂಕಿ ಸಿಕ್ಕಿತು. ನಮಾಝಿನಲ್ಲಿ ಎರಡು ಸುಜೂದ್‌ಗಳ ನಡುವೆ ಕೂರುವುದು, ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುವುದು, ಹಳ್ಳಿಯ ಪಾಯಿಖಾನೆ, ಬೀಡಿ ಕಟ್ಟಲು ಗಂಟೆಗಟ್ಟಲೆ ನೆಲದಲ್ಲಿ ಕೂರುವುದು ಎಲ್ಲ ಈ ಲೆಕ್ಕದೊಳಗೆ ಬರುತ್ತವೆ.

ಗಮನಿಸಿದಿರಾ? ನಮ್ಮ ಕಾಲಿನ ಅಳತೆಯ ಪ್ರಶ್ನೆ ಎದ್ದದ್ದು ಕೆನಡಾದಲ್ಲಿ. ಅದಕ್ಕೆ ನನಗೇನೂ ಬೇಸರವಿಲ್ಲ, ಅಳೆದವರಿಗೆ ಉಪಕಾರ ಹೇಳಬೇಕು. ಆದರೆ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಒಬ್ಬಳು ಹುಡುಗಿ ನಮ್ಮ ಮನೆಯಲ್ಲೇ ಇದ್ದಳು. ಅವಳು ಮುಂದೆ ಎಂ.ಎಸ್. ಮಾಡಲು ಆರಿಸಿಕೊಂಡದ್ದು ಎಲುಬು ವಿಭಾಗ. ಹೆಣ್ಣುಮಕ್ಕಳಿಗೆ ಹೆರಿಗೆ, ಮಕ್ಕಳ ವಿಭಾಗ, ಚರ್ಮರೋಗ ಎಂದು ಮೊದಲೇ ಬರೆದಿಟ್ಟ ಹಾಗೆ ಮಾತಾಡುತ್ತಾರಲ್ಲ, ಆ ಮಾತೆಲ್ಲ ಆಗಲೇ ಆಗಿಹೋಯಿತು. "ಸುತ್ತಿಗೆ ಹಿಡಿಯುವ ಕೆಲಸ" ಎಂದರು ಒಬ್ಬರು. ಹಿಡಿದಳು. ಮೂರು ವರ್ಷ ಮುಗಿಸಿದಳು. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಅವಳ ಕೈಗೆ ಇನ್ನೊಂದು ಪತ್ರ ಬಂತು. ಯುರೋಪಿನ ಎರಡು ದೇಶಗಳ ಎರಡು ವಿಶ್ವವಿದ್ಯಾನಿಲಯಗಳು ಸೇರಿ ಕೊಡುವ ಜಂಟಿ ಪಿಎಚ್.ಡಿ.ಗೆ ಆಯ್ಕೆ. ವಿಷಯ: ಬದಲಿಸಿದ ಮೊಣಕಾಲು ಪೂರ್ತಿ ಮಡಚುವಾಗ ಒಳಗೆ ಏನಾಗುತ್ತದೆ?

ಐದೂವರೆ ವರ್ಷ ಎಂಬಿಬಿಎಸ್, ಮೂರು ವರ್ಷ ಎಂ.ಎಸ್. ಡಾಕ್ಟರ್ ಆದವಳಿಗೆ ಮತ್ತೆ ಡಾಕ್ಟರೇಟ್ ಯಾಕೆ? ಅಕ್ಕ ಕೇಳಿದಳು, ಭಾವ ಕೇಳಿದರು, ಸಂಬಂಧ ತಂದ ದಲ್ಲಾಳಿಯೂ ಕೇಳಿದ. ನೀವೂ ಕೇಳುತ್ತೀರೆಂದು ನನಗೆ ಗೊತ್ತು. ಸಿಟ್ಟಾಗದೆ ಕೇಳಿದರೆ ಅದು ಒಳ್ಳೆಯ ಪ್ರಶ್ನೆಯೇ. ಸೊಂಟದ ಕೀಲಿನ ಕಥೆಯಲ್ಲಿ ಅದಕ್ಕೆ ಉತ್ತರವಿದೆ.

ಇಂಗ್ಲೆಂಡಿನಲ್ಲಿ ಜಾನ್ ಚಾರ್ನ್ಲಿ ಎಂಬ ಎಲುಬಿನ ಶಸ್ತ್ರವೈದ್ಯರಿದ್ದರು. ಅವರ ಬಳಿಗೆ ಬಂದ ಒಬ್ಬ ರೋಗಿಗೆ ಆ ಕಾಲದ ಕೃತಕ ಸೊಂಟದ ಕೀಲು ಹಾಕಲಾಗಿತ್ತು. ಅದು ಕಿರುಗುಟ್ಟುತ್ತಿತ್ತು. ಊಟದ ಮೇಜಿನಲ್ಲಿ ಆತ ಮುಂದೆ ಬಾಗಿದರೆ ಹೆಂಡತಿಗೆ ತಡೆಯಲಾಗುತ್ತಿರಲಿಲ್ಲವಂತೆ. ಬೇರೆಯವರಾದರೆ ನಕ್ಕು ಸುಮ್ಮನಾಗುತ್ತಿದ್ದರು. ಚಾರ್ನ್ಲಿ ಅದನ್ನು ತಿಕ್ಕಾಟದ ಲೆಕ್ಕ ಎಂದು ಹಿಡಿದರು. ರೈಟಿಂಗ್ಟನ್ ಎಂಬಲ್ಲಿ ಹಿಂದೆ ಕ್ಷಯರೋಗಿಗಳಿಗಿದ್ದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಜಾರಿಕೆಯಿರುವ ಟೆಫ್ಲಾನಿನ ಬಟ್ಟಲನ್ನು ಸೊಂಟಕ್ಕೆ ಕೂರಿಸಿದರು. ಹೌದು, ನಮ್ಮ ದೋಸೆ ಕಾವಲಿಯ ಟೆಫ್ಲಾನೇ. ಮೊದಮೊದಲು ರೋಗಿಗಳು ಕುಣಿಯುವ ಹಾಗೆ ನಡೆದರು. ಮೂರ್ನಾಲ್ಕು ವರ್ಷಗಳೊಳಗೆ ಬಟ್ಟಲುಗಳು ಸವೆದವು. ಸವೆದ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಅಷ್ಟರಲ್ಲಿ ಸುಮಾರು 300 ಜನರಿಗೆ ಅದನ್ನು ಹಾಕಿಯಾಗಿತ್ತು. ಅವರ ಮೇಲೆಲ್ಲ ಮತ್ತೆ ಕತ್ತಿಯಾಡಿಸಬೇಕು.

ಇಲ್ಲಿ ಚಾರ್ನ್ಲಿ ತಮ್ಮ ವೈಫಲ್ಯವನ್ನು ಮುಚ್ಚಿಡಲಿಲ್ಲ. ಅವರ ಕಾರ್ಯಾಗಾರದಲ್ಲಿ ಹ್ಯಾರಿ ಕ್ರೇವನ್ ಎಂಬ ತಂತ್ರಜ್ಞರಿದ್ದರು. 1962ರಲ್ಲಿ ಅವರ ಕೈಗೆ ಪಾಲಿಥೀನಿನ ಜಾತಿಯದೇ ಗಟ್ಟಿ ಪ್ಲಾಸ್ಟಿಕಿನ ಒಂದು ತುಂಡು ಬಂತು. ಚಾರ್ನ್ಲಿಗೆ ಮೊದಲು ಅದರಲ್ಲಿ ನಂಬಿಕೆ ಬರಲಿಲ್ಲ. ಅವರು ಪರದೇಶಕ್ಕೆ ಹೋಗಿದ್ದಾಗ ಕ್ರೇವನ್ ಆ ತುಂಡನ್ನು ಸವೆತದ ಯಂತ್ರಕ್ಕೆ ಹಾಕಿ ತಿರುಗಿಸುತ್ತಲೇ ಇದ್ದರು. ದಿನಗಟ್ಟಲೆ ತಿರುಗಿದರೂ ಅದು ಸವೆದದ್ದು ತೀರಾ ಅಲ್ಪ. ಆದರೂ ಚಾರ್ನ್ಲಿ ಈ ಬಾರಿ ನೇರವಾಗಿ ರೋಗಿಗೆ ಹಾಕಲಿಲ್ಲ. ಟೆಫ್ಲಾನನ್ನೂ ಈ ಹೊಸ ವಸ್ತುವನ್ನೂ ತಮ್ಮದೇ ತೊಡೆಯ ಚರ್ಮದಡಿ ಇರಿಸಿಕೊಂಡು ಕಾದರು. ಟೆಫ್ಲಾನಿದ್ದ ಜಾಗ ಗಂಟುಗಟ್ಟಿತು, ಇನ್ನೊಂದು ಸುಮ್ಮನಿತ್ತು. ಆ ವರ್ಷದ ನವೆಂಬರ್‌ನಲ್ಲಿ ಹೊಸ ಬಟ್ಟಲು ರೋಗಿಯ ಸೊಂಟಕ್ಕೆ ಬಂತು. ಇಂದು ಲೋಕದಲ್ಲಿ ಲಕ್ಷಾಂತರ ಜನರ ಸೊಂಟ, ಮೊಣಕಾಲುಗಳಲ್ಲಿರುವುದು ಅದೇ ಕುಲದ ಪ್ಲಾಸ್ಟಿಕ್. ನಮ್ಮ ಉಮ್ಮನ ಮೊಣಕಾಲಿನಲ್ಲೂ.

ಹೀಗೆ ಎರಡು ಕೆಲಸ ಬಲ್ಲವರನ್ನು ಸರ್ಜನ್ ವಿಜ್ಞಾನಿ ಎನ್ನುತ್ತಾರೆ. ಶಸ್ತ್ರಕ್ರಿಯೆಯ ಮೇಜಿನಲ್ಲಿ ಏನು ಸೋಲುತ್ತಿದೆ ಎಂದು ನೋಡುವ ಕಣ್ಣು, ಯಾಕೆ ಸೋಲುತ್ತಿದೆ ಎಂದು ಅಳೆಯುವ ಕೈ. ಎಂಜಿನಿಯರಿಗೆ ಯಂತ್ರ ಗೊತ್ತು, ಆದರೆ ಉಮ್ಮನ ಪ್ರಶ್ನೆ ಅವನ ಕಿವಿಗೆ ಬೀಳುವುದಿಲ್ಲ. ಸರ್ಜನ್‌ಗೆ ಪ್ರಶ್ನೆ ದಿನಾ ಕೇಳಿಸುತ್ತದೆ, ಅಳೆಯಲು ಪುರುಸೊತ್ತೂ ಇಲ್ಲ, ತರಬೇತಿಯೂ ಇಲ್ಲ. ಚಾರ್ನ್ಲಿಗೆ ಒಬ್ಬ ಕ್ರೇವನ್ ಸಿಕ್ಕಿದ್ದು ಅದೃಷ್ಟ. ಅದೃಷ್ಟವನ್ನು ನಂಬಿ ಕೂರಬಾರದೆಂದೇ ಈಗ ಈ ತರಬೇತಿಯನ್ನು ವ್ಯವಸ್ಥೆಯಾಗಿ ಮಾಡಿದ್ದಾರೆ.

ಜಂಟಿ ಡಾಕ್ಟರೇಟಿನ ಮರ್ಮ ಇಷ್ಟೇ. ವಿದ್ಯಾರ್ಥಿ ಒಬ್ಬಳೇ, ಪ್ರಬಂಧ ಒಂದೇ, ಮಾರ್ಗದರ್ಶಕರು ಎರಡು ಕಡೆ. ಒಂದೊಂದು ಕಡೆ ನಿಗದಿಯಾದಷ್ಟು ಕಾಲ ಇರಲೇಬೇಕು. ಕೊನೆಯಲ್ಲಿ ಎರಡೂ ವಿಶ್ವವಿದ್ಯಾನಿಲಯಗಳ ಹೆಸರಿರುವ ಒಂದು ಪದವಿಪತ್ರ, ಇಲ್ಲವೇ ಒಂದನ್ನೊಂದು ಉಲ್ಲೇಖಿಸುವ ಎರಡು ಪದವಿಪತ್ರ. ಫ್ರಾನ್ಸಿನವರು ಇದಕ್ಕೆ ಕೊಟ್ಯುಟೆಲ್ ಎಂಬ ಹೆಸರಿಟ್ಟು 2005ರ ಜನವರಿಯಲ್ಲಿ ಸರಕಾರಿ ಆದೇಶವನ್ನೇ ಹೊರಡಿಸಿದ್ದಾರೆ. ನಮ್ಮ ಹುಡುಗಿಗೆ ಮೊದಲ ಒಂದೂವರೆ ವರ್ಷ ಎಂಜಿನಿಯರುಗಳ ಪ್ರಯೋಗಾಲಯ. ಅಲ್ಲಿ ಗೋಡೆ ತುಂಬ ಕ್ಯಾಮೆರಾಗಳು, ತುಳಿದರೆ ಭಾರ ಹೇಳುವ ನೆಲಹಲಗೆ, ಕಂಪ್ಯೂಟರಿನೊಳಗೊಂದು ಮೊಣಕಾಲು. ಮತ್ತೆ ಒಂದೂವರೆ ವರ್ಷ ಇನ್ನೊಂದು ದೇಶದ ಆಸ್ಪತ್ರೆ. ಅಲ್ಲಿ ಕೀಲು ಬದಲಿಸಿಕೊಂಡವರು ಕೂತು ಏಳುವಾಗ ಎಕ್ಸ್-ರೇ ಚಲನಚಿತ್ರ ತೆಗೆಯುತ್ತಾರೆ. ಮೊದಲನೆಯದು ಇಲ್ಲದೆ ಎರಡನೆಯದು ಬರೀ ಚಿತ್ರ. ಎರಡನೆಯದು ಇಲ್ಲದೆ ಮೊದಲನೆಯದು ಬರೀ ಲೆಕ್ಕ.

ಇಂಥ ತರಬೇತಿಗೆ ಹಣ ಕೊಡುವ ದೊಡ್ಡ ಯೋಜನೆಗಳಲ್ಲಿ ಯುರೋಪಿಯನ್ ಒಕ್ಕೂಟದ್ದೂ ಒಂದು. ಹೆಸರು ಮರೀ ಸ್ಕ್ಲೊಡೊವ್ಸ್ಕಾ ಕ್ಯೂರಿಯದು. ರೇಡಿಯಂ ಕಂಡುಹಿಡಿದ ಕ್ಯೂರಿಯನ್ನು ಎಲ್ಲರೂ ಬಲ್ಲರು, ಎಲುಬಿನ ಡಾಕ್ಟರುಗಳಿಗೆ ನೆರವಾದ ಕ್ಯೂರಿಯನ್ನು ಬಲ್ಲವರು ಕಡಿಮೆ. ಹುಟ್ಟಿದ ಪೋಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದರಿಂದ 1891ರಲ್ಲಿ ಪ್ಯಾರಿಸ್ಸಿಗೆ ಹೋದವರು ಅವರು. 1914ರಲ್ಲಿ ಮಹಾಯುದ್ಧ ಶುರುವಾದಾಗ ವಾಹನಗಳಲ್ಲಿ ಎಕ್ಸ್-ರೇ ಯಂತ್ರ ಕೂರಿಸಿ ರಣರಂಗದ ಹತ್ತಿರದ ಆಸ್ಪತ್ರೆಗಳಿಗೆ ಒಯ್ದರು. ಮುರಿದ ಎಲುಬು ಎಲ್ಲಿದೆ, ಗುಂಡು ಎಲ್ಲಿ ಹೊಕ್ಕಿದೆ ಎಂದು ಸರ್ಜನ್‌ಗಳಿಗೆ ತೋರಿಸಿಕೊಟ್ಟರು. ಹದಿಹರೆಯದ ಮಗಳು ಐರೀನ್ ಜೊತೆಗಿದ್ದಳು. ಸುಮಾರು 150 ಹೆಂಗಸರಿಗೆ ಈ ಕೆಲಸ ಕಲಿಸಿದರು. ಹೆಣ್ಣುಮಕ್ಕಳಿಗೂ ಎಲುಬಿಗೂ ಏನು ಸಂಬಂಧ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಈ ಯೋಜನೆಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಮೊದಲೇ ಡಾಕ್ಟರೇಟ್ ಪಡೆದಿರಬಾರದು. ಇನ್ನೊಂದು ನಿಯಮವನ್ನು ತಾಯಂದಿರು ಸರಿಯಾಗಿ ತಿಳಿಯಬೇಕು. ಕೆಲಸಕ್ಕೆ ಸೇರುವ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಸೇರಬೇಕಾದ ದೇಶದಲ್ಲೇ ವಾಸವಿರಬಾರದು. "ಮೊದಲು ಹೇಗಾದರೂ ಆ ದೇಶ ಸೇರಿಬಿಡು, ಆಮೇಲೆ ನೋಡೋಣ" ಎಂಬ ನಮ್ಮ ಗಲ್ಫ್ ಕಾಲದ ಬುದ್ಧಿವಾದ ಇಲ್ಲಿ ತಿರುಗುಬಾಣವಾಗುತ್ತದೆ. ಊರಲ್ಲಿ ಕುಳಿತೇ ಅರ್ಜಿ ಹಾಕುವವಳಿಗೆ ಇಲ್ಲಿ ನಷ್ಟವಿಲ್ಲ.

ಹಣದ ವಿಷಯ. ಇದು ಫೀಸು ಕಟ್ಟಿ ಓದುವ ಓದಲ್ಲ, ಉದ್ಯೋಗದ ಕರಾರು. 2021ರ ದರದಲ್ಲಿ ತಿಂಗಳಿಗೆ 3,400 ಯೂರೋ ಜೀವನ ಭತ್ಯೆ, 600 ಯೂರೋ ಸಂಚಾರ ಭತ್ಯೆ ಇತ್ತು. ಇದನ್ನು ರೂಪಾಯಿಗೆ ಗುಣಿಸಿ ಕನಸು ಕಾಣಬೇಡಿ. ದೇಶದ ಬೆಲೆಮಟ್ಟಕ್ಕೆ ತಕ್ಕಂತೆ ಮೊತ್ತ ಏರಿಳಿಯುತ್ತದೆ. ಉದ್ಯೋಗದಾತನ ಪಾಲಿನ ವಿಮೆಯೂ ಅದರಲ್ಲೇ ಸೇರಿದೆ, ತೆರಿಗೆಯೂ ಕಡಿತವಾಗುತ್ತದೆ. ಕೈಗೆ ಬರುವುದು ಸಾಕಷ್ಟು ಕಡಿಮೆ, ಆದರೂ ಒಬ್ಬಳು ಮರ್ಯಾದೆಯಿಂದ ಬದುಕಬಹುದು. ಹೆರಿಗೆ ರಜೆ ಆಯಾ ದೇಶದ ಕಾನೂನಿನಂತೆ ಸಿಗುತ್ತದೆ. ಇನ್ನೊಂದು ತಮಾಷೆ ಕೇಳಿ. ಕುಟುಂಬ ಭತ್ಯೆ ಎಂದು ಬೇರೆಯೇ ಇದೆ, 2021ರ ದರದಲ್ಲಿ 660 ಯೂರೋ. ಗಂಡ ಜೊತೆಗೆ ಹೋದರೂ ಊರಲ್ಲೇ ಉಳಿದರೂ ಅದು ಸಿಗುತ್ತದೆ. ಇದನ್ನು ಕೇಳಿದ ದಲ್ಲಾಳಿಯ ಮುಖ ನೀವು ನೋಡಬೇಕಿತ್ತು.

ಆದರೆ ಸಿಹಿ ಮಾತ್ರ ಬಡಿಸುವುದು ನ್ಯಾಯವಲ್ಲ. ನಮ್ಮ ಮನೆಯಲ್ಲಿ ಮೂರು ರಾತ್ರಿ ಮಾತಾದದ್ದು ಮದುವೆಯ ಬಗ್ಗೆಯಲ್ಲ, ಹಣದ ಬಗ್ಗೆಯೂ ಅಲ್ಲ, ಅವಳ ಕೈಗಳ ಬಗ್ಗೆ. ಪಿಎಚ್.ಡಿ. ಸಂಶೋಧನೆಯ ಪದವಿ. ಅದು ಪರದೇಶದಲ್ಲಿ ರೋಗಿಯನ್ನು ಮುಟ್ಟುವ ಪರವಾನಿಗೆಯಲ್ಲ. ಅದಕ್ಕೆ ಅಲ್ಲಿನ ವೈದ್ಯಕೀಯ ನೋಂದಣಿ ಬೇಕು, ಅಲ್ಲಿನ ಭಾಷೆ ಬೇಕು. ಎಂ.ಎಸ್. ಮುಗಿಸಿದ ಹೊಸತರಲ್ಲಿ ಸರ್ಜನ್ ಕೈ ಪಳಗುವುದು ದಿನಾ ಮಾಡಿದಾಗ. ಅದೇ ಹೊತ್ತಿನಲ್ಲಿ ಮೂರು ವರ್ಷ ಕತ್ತಿ ಕೆಳಗಿಟ್ಟರೆ? ಭಾವ ಈ ಪ್ರಶ್ನೆ ಎತ್ತಿದಾಗ ಹುಡುಗಿಯ ಬಳಿ ಉತ್ತರವಿರಲಿಲ್ಲ. ಅವಳ ಜೊತೆ ಓದಿದವರು ಅಷ್ಟರಲ್ಲಿ ನೂರಾರು ತೊಡೆ ಎಲುಬು ಜೋಡಿಸಿರುತ್ತಾರೆ, ಹೆಸರು ಮಾಡಿರುತ್ತಾರೆ. ಇದು ನಿಜವಾದ ಬೆಲೆ. ಸಂಶೋಧನೆ ದೊಡ್ಡದು ಎಂದು ಭಾಷಣ ಮಾಡುವವರು ಈ ಬೆಲೆಯನ್ನು ಹೇಳುವುದಿಲ್ಲ.

ಹಾಗಾದರೆ ಊರಲ್ಲೇ ಇದ್ದು ಮಾಡಲಾಗದೇ? ದಾರಿಗಳು ನಿಧಾನವಾಗಿ ತೆರೆಯುತ್ತಿವೆ. ಐಐಟಿ ಬಾಂಬೆ ಮತ್ತು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯ 2008ರಲ್ಲಿ ಜಂಟಿ ಸಂಶೋಧನಾ ಅಕಾಡೆಮಿ ಕಟ್ಟಿದವು. ಅಲ್ಲಿ ವಿದ್ಯಾರ್ಥಿ ಹೆಚ್ಚಿನ ಕಾಲ ಮುಂಬಯಿಯಲ್ಲಿರುತ್ತಾಳೆ, ಸ್ವಲ್ಪ ಕಾಲ ಆಸ್ಟ್ರೇಲಿಯದಲ್ಲಿ. 2022ರಲ್ಲಿ ಯುಜಿಸಿ ಜಂಟಿ ಪದವಿ ಮತ್ತು ಎರಡು ಪದವಿಗಳ ಬಗ್ಗೆ ಹೊಸ ನಿಯಮ ತಂದಿತು. ಡಾಕ್ಟರೇಟಿನ ಮಟ್ಟದಲ್ಲಿ ಎರಡೂ ಕಡೆ ಮಾರ್ಗದರ್ಶಕರಿರಬೇಕು, ಎರಡೂ ಕಡೆ ಕನಿಷ್ಠ ಒಂದು ಸೆಮಿಸ್ಟರ್ ಇರಬೇಕು, ಪ್ರಬಂಧ ಒಂದೇ ಇರಬೇಕು ಎನ್ನುತ್ತದೆ ಅದು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗಾಗಿ 425 ಕೋಟಿ ರೂಪಾಯಿ ಕೊಟ್ಟರು. ಎಂಜಿನಿಯರನೂ ವೈದ್ಯನೂ ಒಂದೇ ಅಂಗಳದಲ್ಲಿ ಇರಲಿ ಎಂಬುದೇ ಅದರ ಹಿಂದಿನ ಯೋಚನೆ.

ನಮ್ಮ ರಾಜ್ಯಕ್ಕೆ ಇಂಥವರು ಬೇಕೇ ಎಂದು ಕೇಳುವವರು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು ಎಂಬ ಹೆಸರನ್ನು ನೆನೆಯಬೇಕು. 1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲು ಹಾಳಾಗುವ ರೋಗ ಬೆಳಕಿಗೆ ಬಂತು. ಗದ್ದೆಯ ಏಡಿ, ಕೀಟನಾಶಕ ಎಂದೆಲ್ಲ ಶಂಕೆಗಳಾದವು. ಕೊನೆಗೆ ವಂಶದಲ್ಲಿ ಹರಿದುಬರುವ ಎಲುಬಿನ ರೋಗ ಎಂದು ಗುರುತಿಸಿದರು. ಊರಿನ ಹೆಸರೇ ರೋಗದ ಹೆಸರಾಗಿ ವೈದ್ಯಕೀಯ ಪುಸ್ತಕ ಸೇರಿತು. ಆದರೆ ರೋಗಿಗಳ ಕೀಲು ಸರಿಯಾಗಲಿಲ್ಲ. ಹೆಸರಿಟ್ಟ ಮೇಲೂ ಅದರ ಬೆನ್ನು ಬಿಡದೆ ಕೂರುವವರು ಬೇಕಲ್ಲವೇ? ಮಲೆನಾಡಿನ ರೋಗವನ್ನು ಲಂಡನ್ನಿನವರು ಯಾಕೆ ಹಚ್ಚಿಕೊಳ್ಳುತ್ತಾರೆ ಹೇಳಿ.

ನಿಮ್ಮ ಮಗಳಿಗೋ ತಂಗಿಗೋ ಇಂಥ ಪತ್ರ ಬಂದರೆ, ಅಳುವ ಮುಂಚೆ ಅಥವಾ ಸಿಹಿ ಹಂಚುವ ಮುಂಚೆ ಕೂತು ಕರಾರನ್ನು ಓದಿ. ಎರಡು ವಿಶ್ವವಿದ್ಯಾನಿಲಯಗಳ ನಡುವಿನ ಒಪ್ಪಂದಕ್ಕೆ ಸಹಿ ಬಿದ್ದಿದೆಯೇ, ಇಲ್ಲ ಮುಂದೆ ಬೀಳುತ್ತದೆ ಎನ್ನುತ್ತಿದ್ದಾರೆಯೇ? ಪದವಿಪತ್ರ ಒಂದೇ, ಎರಡೇ? ಒಬ್ಬ ಮಾರ್ಗದರ್ಶಕರು ಕೆಲಸ ಬಿಟ್ಟರೆ ಯಾರು ನೋಡಿಕೊಳ್ಳುತ್ತಾರೆ? ಮೂರು ವರ್ಷದ ಹಣ ಮುಗಿದ ಮೇಲೂ ಪ್ರಬಂಧ ಮುಗಿಯದಿದ್ದರೆ ಏನು ಗತಿ? ಈ ಕೊನೆಯ ಪ್ರಶ್ನೆ ಮುಖ್ಯ, ಯಾಕೆಂದರೆ ಎರಡು ಕಡೆಯ ನಿಯಮ ಪೂರೈಸುವಾಗ ತಡವಾಗುವುದು ಸಹಜ. ಎಂ.ಎಸ್. ಓದಿದವಳಿಗೆ ಕಾಗದ ಓದಲು ಬರುವುದಿಲ್ಲವೇ ಎನ್ನಬೇಡಿ. ಆಸೆಯಿಂದ ಓದುವ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ನಮ್ಮಲ್ಲಿ ಕರಾರು ಓದಿದವರು ಭಾವ. ಮೂವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿದವರಿಗೆ ಯಾವ ಸಾಲಿನ ಮೇಲೆ ಬೆರಳಿಡಬೇಕೆಂದು ಗೊತ್ತಿತ್ತು. ಎರಡು ಕಡೆ ಬೆರಳಿಟ್ಟರು, ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡೇ ಬಿಟ್ಟರು.

ಕೈಗಳ ಪ್ರಶ್ನೆಗೆ ಪೂರ್ತಿ ಉತ್ತರ ಇಂದಿಗೂ ಸಿಕ್ಕಿಲ್ಲ. ಅವಳು ಹೋಗಿ ಒಂದೂವರೆ ವರ್ಷವಾಯಿತು, ಈಗ ಎರಡನೆಯ ದೇಶದಲ್ಲಿದ್ದಾಳೆ. ವರ್ಷದ ರಜೆಯನ್ನೆಲ್ಲ ಒಟ್ಟುಮಾಡಿ ಊರಿಗೆ ಬಂದಾಗ, ತಾನು ಎಂ.ಎಸ್. ಕಲಿತ ಘಟಕದಲ್ಲಿ ಹಳೆಯ ಗುರುಗಳ ಜೊತೆ ನಿಲ್ಲುತ್ತಾಳೆ. ನಮ್ಮ ದೇಶದ ನೋಂದಣಿ ಅವಳಿಗೆ ಇದ್ದೇ ಇದೆ. ಕಳೆದ ಬಾರಿ ಬಂದವಳು ಮನೆಯಲ್ಲಿ ಊಟಕ್ಕೆ ಸಿಕ್ಕಿದ್ದೇ ನಾಲ್ಕು ದಿನ. ಅಕ್ಕನಿಗೆ ಕೋಪ. ಹೊರಡುವ ಹಿಂದಿನ ದಿನ ಸಂಜೆಯೂ ಹುಡುಗಿ ಆಸ್ಪತ್ರೆಯಲ್ಲೇ ಇದ್ದಳು. ಮಂಗಳೂರಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಹುಡುಗನೊಬ್ಬನ ತೊಡೆ ಎಲುಬಿಗೆ ಸರಳು ಹಾಕಿ, ರಾತ್ರಿ ಹತ್ತಕ್ಕೆ ಬಂದು ಪೆಟ್ಟಿಗೆ ಕಟ್ಟಿದಳು.